ನಾಲ್ಕು ಸೆಕೆಂಡು

ಸಿದ್ದಾಪುರ ಬಸ್‌ಸ್ಟ್ಯಾಂಡಿನ ಹಿಂದೆ, ಕೋಳಿ ಅಂಗಡಿ ದಾಟಿ
ಮೂರನೇ ಶಟರು ನಂದು.
ಒಡೆದ ಡಿಸ್‌ಪ್ಲೇ ಬದಲಿಸುತ್ತೇನೆ, ಸಿಮ್ ಮಾರುತ್ತೇನೆ,
ಮೆಮೊರಿ ಕಾರ್ಡಿಗೆ ಹಾಡು ತುಂಬುತ್ತೇನೆ.
ಚುಬ್ರನ ಆಲ್ಬಮ್ಮು ಊರಿಗೆ ಇಳಿದದ್ದು
ಈ ಮೇಜಿನ ಮೇಲಿಂದಲೇ.

ಹೆಸರು ‘ಹಾಜರಿ’. ಒಂಬತ್ತು ರ‍್ಯಾಪು.
ಮೈಕು ಯಾರದೋ ಮದುವೆಯದು.
ಲೈನ್‌ಮನೆಯೊಳಗೆ ಕಂಬಳಿ ಹೊದ್ದು ಹೇಳಿದನಂತೆ,
ಪಕ್ಕದ ಮನೆ ಕೂಸಿನ ಅಳು ಒಳಗೆ ಬರದಿರಲೆಂದು.
ಬಂದಿದೆ. ಐದನೆಯದರಲ್ಲಿ, ಕಿವಿಗೊಟ್ಟರೆ.

ಮೊದಲನೆಯದು ಬರೀ ಹೆಸರು,
ಬೆಳಿಗ್ಗೆ ಏಳೂವರೆಗೆ ತೋಟದ ರೈಟರು ಕೂಗಿದ ಹಾಗೆ.
ಪಾಲಿ. ಕರಿಯ. ತೋಲ. ಮಣಿ.
ನಡುನಡುವೆ ‘ಓ’ ಅನ್ನದ ಹೆಸರು; ಅಲ್ಲಿ ಡ್ರಮ್ಮೂ ನಿಲ್ಲುತ್ತದೆ.
ಆನೆ ತುಳಿದವನು.
ಮೆಣಸಿನ ಏಣಿ ಕರೆಂಟು ತಂತಿಗೆ ತಾಗಿದವನು.
ಅವರ ಹೆಸರಿನ ಮುಂದೆ ಏನಂತ ಬರಿತೀರಿ ಸಾರ್,
ರಜೆ ಅಂತಲಾ?

ಕಾಲೇಜು ಹುಡುಗರಿಗೆ ಹಿಡಿಸಲಿಲ್ಲ.
‘ಹಳೇದೇ ಚೆನ್ನಾಗಿತ್ತು ಹಂಸಾಕ,
ಆಗ ಬೈಗುಳ ಇತ್ತು, ಈಗ ಭಾಷಣ.’
ಅವರಲ್ಲೊಬ್ಬ, ತೋಟದ ಮನೆಯವನು, ತುಟಿ ಬಿಚ್ಚದೆ
ಎರಡು ಕಾಪಿ ಮಾಡಿಸಿದ. ಒಂದು ಅಪ್ಪನ ಜೀಪಿಗಂತೆ.

ರೈಟರು ಪುಟ್ಟಣ್ಣ ರೈ ಭಾನುವಾರ ಬಂದು
ನಿಂತೇ ಕೇಳಿದರು, ಚೀಲ ಕೆಳಗಿಡದೆ.
‘ನನ್ನ ಕೆಮ್ಮು ಹಾಕಿದ್ದಾನೆ ನೋಡು. ಥೇಟ್ ನಾನೇ.’
ಸಿಟ್ಟೋ ಹಿಗ್ಗೋ ತಿಳಿಯಲಿಲ್ಲ.
ಇನ್ನೊಂದು ಸಲ ಹಾಕು ಅಂದರು.

ಅವನ ತಾಯಿ ಜಾನು ಕೌಂಟರಿಗೆ ಒರಗಿ ಕೇಳಿದಳು, ಪೂರ್ತಿ.
‘ಇಷ್ಟು ಬೇಗ ಬೇಗ ಯಾಕೆ ಹೇಳ್ತಾನೆ,
ಯಾರು ಅಟ್ಟಿಸಿಕೊಂಡು ಬರ್ತಿದಾರೆ ಅವನನ್ನ?’
ಏಳನೆಯದು ಬಂದಾಗ
ನಾನು ಸ್ಕ್ರೂಡ್ರೈವರ್ ಹುಡುಕುತ್ತಿದ್ದೆ, ಕೈಯಲ್ಲೇ ಇತ್ತು.

ಏಳನೆಯದರಲ್ಲಿ ನಾನಿದ್ದೇನೆ:
‘ಮೂರನೇ ಶಟರು, ನಾಲಿಗೆ ಜೇನು,
ಒತ್ತೆಗೆ ಇಟ್ಟದ್ದು ಅವ್ವನ ಫೋನು,
ತಿಂಗಳು ಕಳೆದರೆ ಕೇಳಬೇಡ ನೀನು.’
ಅಷ್ಟೇ. ನಾಲ್ಕು ಸೆಕೆಂಡು.
ಹೌದು, ಇಟ್ಟುಕೊಂಡಿದ್ದೆ. ಅಕ್ಕಿಗೆ ಅಂತ ಮುನ್ನೂರು ಕೊಟ್ಟಿದ್ದೆ.
ಬಟನ್ ಫೋನು, ‘ಐದು’ ಸವೆದಿತ್ತು.
ನಲವತ್ತು ದಿನ ಕಾದು ಆರುನೂರಕ್ಕೆ ಮಾರಿದೆ.
ನಲವತ್ತು ಅಂತ ಅವನು ಹೇಳಿಲ್ಲ, ನೋಡಿ,
ಪ್ರಾಸಕ್ಕೆ ಸಿಗಲಿಲ್ಲವೇನೋ.

ಆ ರಾತ್ರಿ ಶಟರು ಅರ್ಧ ಇಳಿಸಿ
ನಾಲ್ಕು ಸೆಕೆಂಡು ಕತ್ತರಿಸಿದೆ.
ಸುಲಭದ ಕೆಲಸ. ಬ್ಯಾಟರಿ ಹಾಕುವುದಕ್ಕಿಂತ ಸುಲಭ.
ಇಪ್ಪತ್ತೆರಡು ಕಾರ್ಡು ಹಾಗೆಯೇ ಹೋದವು,
ನೆಲ್ಯಹುದಿಕೇರಿಗೆ, ಪಾಲಿಬೆಟ್ಟಕ್ಕೆ, ಹೊಳೆ ದಾಟಿ ಆಚೆಗೆ.
ಯಾರಿಗೂ ಗೊತ್ತಾಗಲಿಲ್ಲ,
ರಿಟೈರಾದ ಕಾವೇರಮ್ಮ ಟೀಚರಿಗೆ ಬಿಟ್ಟು.

‘ವ್ಯಾಕರಣ ಬಿಡು. ಆದಿಪ್ರಾಸ ತಾನಾಗಿ ಬಿದ್ದಿದೆ,
ಅವನಿಗೇ ಗೊತ್ತಿಲ್ಲ. ಆದರೆ ಏಳನೆಯದರಲ್ಲಿ
ಎರಡೋ ಮೂರೋ ಸಾಲು ಎಲ್ಲೋ ಕಳೆದಿವೆ ಕಣಪ್ಪ.
ಈ ಹುಡುಗ ಎಡವುವವನಲ್ಲ.’
ಕಾರ್ಡು ಹಳೇದು ಟೀಚರ್ ಅಂದೆ.
ಮೂಗಿನ ಮೇಲಿನ ಕನ್ನಡಕದಿಂದ
ನಾನು ಶಾಲೆ ಬಿಟ್ಟ ವರ್ಷ ನೋಡಿದ ಹಾಗೇ ನೋಡಿದರು.

ಜಮಾಲುದ್ದೀನ್ ಅಸ್ಸಾಮಿನವನು, ಕಾಫಿ ಕುಯ್ಯುವ ಕೆಲಸ.
ಕನ್ನಡ ಬರುವುದು ಕಿಲೋ ಲೆಕ್ಕದಷ್ಟು.
ಭಾಷೆ ಬಾರದವನಿಗೆ ಏನಂತೆ ಅಂತ
ಇಡಿಯದನ್ನೇ ಹಾಕಿಕೊಟ್ಟೆ, ಕತ್ತರಿಸದ್ದನ್ನು.
ಕಾರ್ಡು ತೂರಿಸುವಾಗ ಹೆಬ್ಬೆರಳಿಗೆ
ಸವೆದ ‘ಐದು’ ತಾಗಿತು.

ವಾರ ಬಿಟ್ಟು ಬಂದ. ಆರನೆಯದು ಇಷ್ಟವಂತೆ,
ತಕ್ಕಡಿ ಕೊಕ್ಕೆಯ ಸದ್ದಿದೆಯಲ್ಲ, ಅದು.
ಮತ್ತೆ, ಏಳನೆಯದು.
ಜೇಬಿನಿಂದ ತೆಗೆದು, ಜೋರು ಮಾಡಿ,
ಕೌಂಟರಿನ ಗಾಜಿನ ಮೇಲಿಟ್ಟ.
‘ಇಲ್ಲಿ “ಫೋನು” ಅಂತಾನಲ್ಲ ಭಾಯಿ,
ಯಾವ ಫೋನು?’