ಚೋಂದಮ್ಮ ನಿಮ್ಮ ತೋಟಕ್ಕೆ ನೀರು ಹಾಕಿದ್ದಾರೆ

ಎಂದು ಫೋನು ಹೇಳಿತು, ರಾತ್ರಿ ಹನ್ನೊಂದೂ ಮುಕ್ಕಾಲಿಗೆ.
ಚೋಂದಮ್ಮ ಎಂದರೆ ಅದೇ ಚೋಂದಮ್ಮ,
ನಾಪೋಕ್ಲಿನ ಈ ಓಣಿಯಲ್ಲಿ ನನ್ನ ಎದುರುಮನೆ.
ನಡುವೆ ಎಂಟು ಹೆಜ್ಜೆ ಡಾಂಬರು,
ಎರಡು ವರ್ಷ ಮಾತಿಲ್ಲ.

ಕಾರಣ ದೊಡ್ಡದೇನಲ್ಲ. ಕಾಚಂಪುಳಿ.
ಒಲೆಯ ಮುಂದೆ ಕೂತು ಕೂತು ಕುದಿಸಿ,
ಸೌಟಿಗೆ ಅಂಟುವಷ್ಟು ಕಪ್ಪಗೆ ಇಳಿಸಿ
ನಾನು ಮಾರಿದ ಬಾಟಲಿಯನ್ನು ಬೆಳಕಿಗೆ ಹಿಡಿದು
ನಾಮಕರಣದ ಊಟದಲ್ಲಿ, ಎಲ್ಲರಿಗೂ ಕೇಳುವಂತೆ,
‘ಇದಕ್ಕೆ ಬೆಲ್ಲ ಬಿದ್ದಿದೆ’ ಎಂದಳು.
ಹಂದಿಸಾರು ಬಡಿಸುತ್ತಿದ್ದವನ ಸೌಟು
ಅರ್ಧದಲ್ಲಿ ನಿಂತಿತು.
ಆ ಸೌಟು ಇನ್ನೂ ಅಲ್ಲೇ ನಿಂತಿದೆ.

ಹಗಲು ನನಗೆ ಸೊಸೈಟಿಯಲ್ಲಿ ಗೊಬ್ಬರದ ಲೆಕ್ಕ.
‘ಪೊಟ್ಯಾಷ್ ಬಂತಾ?’ ‘ಇಲ್ಲ.’
‘ಯಾವಾಗ?’ ‘ಗೊತ್ತಿಲ್ಲ.’
ಈ ಎರಡು ಉತ್ತರಕ್ಕೆ ಸಂಬಳ.
ರಾತ್ರಿಯ ತೋಟದಲ್ಲಿ ಗೊಬ್ಬರ ಪುಕ್ಕಟೆ,
ಸ್ಟ್ರಾಬೆರಿ ನಾಲ್ಕು ಗಂಟೆಗೆ ಹಣ್ಣು,
ಹಸು ಸಗಣಿ ಹಾಕುವುದಿಲ್ಲ,
ಆನೆ ಬರುವುದಿಲ್ಲ.
ಒಂದು ಸಲ ಬಾಳೆ ಹಾಕಿ ಕಾದು ನೋಡಿದೆ.
ಬರಲಿಲ್ಲ. ಸ್ವಲ್ಪ ಬೇಜಾರೇ ಆಯಿತು.

ಈ ಗೀಳು ಊರಿಗೆ ತಂದವನು ಕಂಡಕ್ಟರ್ ಹಂಸ.
‘ಅಕ್ಕ, ನನಗೆ ನೆರೆಯವರು ಕಮ್ಮಿ ಉಂಟು, ಸೇರಿಕೊಳ್ಳಿ’ ಎಂದ,
ಚಿಲ್ಲರೆಯ ಬದಲು ಚಾಕಲೇಟು ಕೊಡುವ ಹಾಗೆ.
ಆಮೇಲೆ ಪೋಸ್ಟಿನ ರತ್ನಾವತಿ.
ಆಮೇಲೆ ಹಲ್ಲಿನ ಡಾಕ್ಟರು: ನಮ್ಮ ಬಾಯಿ ತೆರೆಸಿಟ್ಟು
ಒಂದು ಕೈಯಲ್ಲಿ ಕುಂಬಳ ಕೊಯ್ಯುತ್ತಾರೆಂದು ಸುದ್ದಿ.
ಹಾಕಿ ಕೋಚು ಸೀಟಿ ಬಾಯಲ್ಲಿಟ್ಟುಕೊಂಡು
ಊದುವುದನ್ನೇ ಮರೆತರಂತೆ, ಗೋಲು ಆಗಿಹೋಯಿತು.
ನೋಡುನೋಡುತ್ತ ನನಗೆ ನಲವತ್ತಮೂರು ನೆರೆಯವರು.
ಒಬ್ಬಾಕೆ ಮನಿಲಾದವಳು,
ಹೆಸರು ನನ್ನ ನಾಲಿಗೆಗೆ ಸಿಗುವುದಿಲ್ಲ,
ನನ್ನ ಕೋಳಿಗಳಿಗೆ ದಿನ ತಪ್ಪದೆ ಕಾಳು ಹಾಕುತ್ತಾಳೆ.

ನಲವತ್ತನಾಲ್ಕನೆಯವಳನ್ನು ಆಟವೇ ತೋರಿಸಿತು:
ಇವರು ನಿಮಗೆ ಗೊತ್ತಿರಬಹುದು.
ಗೊತ್ತಿರಬಹುದು!
ಅವಳ ಸೆರಗಿನ ಪಿನ್ನು ಯಾವ ಬದಿಗೆ ತುಕ್ಕು ಹಿಡಿದಿದೆ ಅನ್ನುವುದೂ ಗೊತ್ತು.
ಸತ್ಯ ಹೇಳುತ್ತೇನೆ, ಪ್ರೀತಿಯಿಂದ ಒತ್ತಿದ್ದಲ್ಲ,
ಮುಂದಿನ ಹಂತಕ್ಕೆ ನನಗೆ ಒಬ್ಬರು ಕಡಿಮೆ ಇದ್ದರು.

ಅವಳು ನೀರು ಹಾಕಿದಳು. ನಾನು ಗೊಬ್ಬರ ಚೆಲ್ಲಿದೆ.
ಅವಳು ಒಂದು ಆಡು ಕಳಿಸಿದಳು,
ನಾನು ಏಣಿ.
ಬೆಳಗ್ಗೆ ಹಾಲಿನ ಸಾಲಿನಲ್ಲಿ
ಅವಳು ಆಕಾಶ ನೋಡಿದಳು, ನಾನು ಚಪ್ಪಲಿ.
ರಾತ್ರಿ ಅವಳ ಕಿಟಕಿಯಲ್ಲಿ ನೀಲಿ ಬೆಳಕು,
ನನ್ನ ಕಿಟಕಿಯಲ್ಲಿ ನೀಲಿ ಬೆಳಕು,
ನಡುವೆ ರಸ್ತೆ ಕತ್ತಲಲ್ಲಿ ಮಲಗಿರುತ್ತಿತ್ತು,
ಏನೂ ಗೊತ್ತಿಲ್ಲದ ನಾಯಿಯ ಹಾಗೆ.

ಕಕ್ಕಡ ಹದಿನೆಂಟರ ಮದ್ದುಪಾಯಸ ಉಂಡ ಮಾರನೆಯ ದಿನ
ಅವಳ ಕ್ಯಾರೆಟ್ಟು ಬಾಡಿತು.
ಎರಡನೆಯ ದಿನ ಕಂದಾಯಿತು.
ಕೋಳಿಗಳ ತಲೆಯ ಮೇಲೆ ಅಳುಮೋರೆಯ ಗುರುತು,
ಕಿಟಕಿಯಲ್ಲಿ ಬೆಳಕಿಲ್ಲ.
ನಾನು ಹಾಕಿದ ನೀರು ಸಾಲಲಿಲ್ಲ;
ಬಾಡಿದ್ದನ್ನು ಯಜಮಾನರೇ ಎಬ್ಬಿಸಬೇಕಂತೆ.
ಮನಿಲಾದವಳಿಗೆ ಬರೆದು ಕೇಳೋಣ ಅನ್ನಿಸಿತು,
ಎದುರುಮನೆಯವಳಿಗೆ ಏನಾಯಿತೆಂದು.
ಆಗ ನಾಚಿಕೆಯಾಯಿತು.

ಎಂಟು ಹೆಜ್ಜೆ. ನಾನು ಎಣಿಸಿದೆ, ಹನ್ನೊಂದಾಯಿತು.

ಬಾಗಿಲು ತೆರೆದವಳು ಹೇಗಿದ್ದೀ ಎನ್ನಲಿಲ್ಲ, ಬಾ ಎನ್ನಲಿಲ್ಲ.
‘ನನ್ನ ಕ್ಯಾರೆಟ್ಟು ಸತ್ತವಾ?’
‘ಸತ್ತವು. ಕೋಳಿ ಬದುಕಿವೆ.’
‘ಫೋನು ಪಾತ್ರೆಗೆ ಬಿತ್ತು ಮಾರಾಯ್ತಿ,
ಒಂದು ಕೈ ಸೌಟಲ್ಲಿ, ಒಂದು ಕೈ ಕೊಯ್ಲಲ್ಲಿ.’
ಅಕ್ಕಿ ಡಬ್ಬದಲ್ಲಿ ಫೋನು ಕುತ್ತಿಗೆವರೆಗೆ ಹೂತಿತ್ತು.
ಒಲೆಯ ಮೇಲೆ ಹೊಸದಾಗಿ ಇಟ್ಟ ಕಾಚಂಪುಳಿ
ಒಂದೊಂದೇ ಗುಳ್ಳೆ ಬಿಡುತ್ತಿತ್ತು,
ಪಕ್ಕದ ಹಲಗೆಯ ಮೇಲೆ
ಪೇಪರು ಬಿಚ್ಚಿದ ಒಂದು ಉಂಡೆ ಬೆಲ್ಲ.

‘ಅದು ಕಾಫಿಗೆ’ ಎಂದಳು ಚೋಂದಮ್ಮ.

ನಾನು ಏನೂ ಕೇಳಿರಲಿಲ್ಲ.