ಲಾಳಿ, ಕಂಡಿಕಿ

ಮೊದಲು ಡ್ರಮ್ಮಿಗೆ ಮುಚ್ಚಳ.
ಸೊಲ್ಲಾಪುರದಾಗ ನೀರು ನಾಕು ದಿನಕ್ಕೊಮ್ಮೆ,
ಅದಕ್ಕ ಮೋರಿ ಮಗ್ಗಲ ಮೂರು ನೀಲಿ ಡ್ರಮ್ಮು
ಬಾಯಿ ತಕ್ಕೊಂಡು ನಿಂತಿರತಾವ ಹಗಲೂ ರಾತ್ರಿ.
ಬೆಕ್ಕು ಇಣಿಕಿ ನೋಡಿ
ತನ್ನ ಜೋಡಿ ಒಳಗದ ಅಂತ ಜಿಗದೀತು.
ಒಂದಕ್ಕ ಹಳೇ ಕ್ಯಾರಂ ಬೋರ್ಡು ಸರಿಹೋತು,
ಒಂದಕ್ಕ ಹಿಟ್ಟು ನಾದೂ ಕೊಣಮಗಿ ಬೋರಲು.
ಮೂರನೇದಕ್ಕ ಇನ್ನೂ ಹುಡುಕಲಿಕ್ಕತ್ತೀನಿ.

ಯೆಮುಲ ಸೇಠನ ಕಾರಖಾನಿ ಮುಚ್ಚಿ ಹನ್ನೊಂದು ದಿನ.
ಹದಿನಾರು ಮಗ್ಗ ಕಿಲೋದ ಲೆಕ್ಕದಾಗ ತೂಗಿ
ಭಂಗಾರದ ಲಾರಿ ಹತ್ತಿದವು.
ಮರಾಠ್ಯಾಗ ಭಂಗಾರ ಅಂದರ ಮೋಡಕಾ,
ನಮ್ಮಲ್ಲಿ ಬಂಗಾರ ಅಂದರ ಬಂಗಾರ,
ನಡುವ ಒಂದ ಉಸುರಿನ ಅಂತರ.

ಉಳಿದದ್ದು ಈ ಎರಡು.
ನೂಲಿನ ಗೋಣಿ ಇಲಿ ಕಡೀಬಾರದಂತ
ಇಟಗೊಂಡ ತಾಯಿಬೆಕ್ಕಿನ ಕಡೀ ಸೂಲು,
ನಾಕನೇ ನಂಬರ ಮಗ್ಗದ ಕೆಳಗ ಹುಟ್ಟಿದ್ದು.
ಅತ್ತಿಂದಿತ್ತ ಓಡೂದು ಲಾಳಿ.
ತನ್ನನ್ನ ತಾನ ಸುತಗೊಂಡು ಮಲಗೂದು ಕಂಡಿಕಿ.

"ಒಂದ ಒಯ್ಯಿ ಅಕ್ಕಾ, ಇನ್ನೊಂದು ಗೋಡೌನಿಗೆ ಬಿಡೋಣು"
ಅಂದ ಸೇಠ, ತೆಲುಗಿನ ಎಳತದಾಗ.
ಮ್ಯಾಲಿನ ಮನಿ ಭೋಸಲೆ ಕಾಕು ಎರಡು ಬೆರಳೆತ್ತಿ
"ದೋನ? ದೋನ ಕಶಾಲಾ?"
ಇವರು ಏನೂ ಅನ್ನಲಿಲ್ಲ. ಈಗೀಗ ಇವರು ಏನೂ ಅನ್ನೂದಿಲ್ಲ.
ಇಪ್ಪತ್ತೆರಡು ವರ್ಷ ಕಂಡಿಕಿ ಸುತ್ತಿದಾಕಿ ನಾನು,
ನನಗ ಗೊತ್ತದ,
ಕಂಡಿಕಿ ಇಲ್ಲದ ಲಾಳಿ
ಹೋಗತದ, ಬರತದ.
ಬಟ್ಟಿ ಆಗೂದಿಲ್ಲ.

ಕಿಡಕಿಗೆ ಜಾಳಗಿ ಬಡಿಸಿದೆ.
ದೇವರ ದೀಪ ಒಂದ ಮೊಳ ಮ್ಯಾಲ ಹೋತು,
ದೇವರು ತಕರಾರು ಮಾಡಲಿಲ್ಲ.
ಶೇಂಗಾಹಿಂಡಿ ಬರಣಿ ಕಪಾಟಿನಾಗ.
ಮನಿ ಕಟ್ಟೂ ಗೌಂಡ್ಯಾರ ಕಡೆ ಒಂದು ಬುಟ್ಟಿ ಉಸುಕು ಕೇಳಿ
ಜರಡಿ ಹಿಡಿದು ಹಳ್ಳ ಆರಿಸಿದೆ,
ಅಕ್ಕಿಗೂ ಇಷ್ಟು ಜ್ವಾಕಿ ಮಾಡಿದಾಕಿ ಅಲ್ಲ.
ಬಟ್ಟಲ ಎರಡು. ಹಾಸಿಗಿ ಒಂದ:
ನವಿಲಿನ ಚಾದರು. ಒಂದು ನವಿಲಿಗೆ ಕಾಲಿಲ್ಲ.
ಎಳಿ ಹರಿದದ್ದು ಕಾಣದ ಇವರು ನೇದಬಿಟ್ಟಿದ್ದರು,
ಸೇಠ ಪಗಾರದಾಗ ಮುರಕೊಂಡ,
ಹಂಗಾಗಿ ಅದು ನಮ್ಮದು.

ಯಾವ ಭಾಷಾದಾಗ ಕರೀಲಿ?
ಸೇಠನದು ತೆಲುಗು, ಮುಕಾದಮನದು ಮರಾಠಿ,
ಇರಫಾನನದು ಅವನದೇ ಹಿಂದಿ, ನಮ್ಮದಿದು.
ಮಗ್ಗದ ಸಪ್ಪಳದಾಗ
ಒಂದೂ ಕೇಳಿಸಿರೂದಿಲ್ಲ ಅವಕ್ಕ.
ಬಾಯಿ ಅಲ್ಲಾಡಿದ್ದು ನೋಡಿ ಬರತಿದ್ದವು,
ನಾವು ಒಬ್ಬರನೊಬ್ಬರು ತಿಳಕೊಂಡದ್ದೂ ಹಂಗ.

ನಿನ್ನೆ ನಡುರಾತ್ರಿ ಎದ್ದು ಕುಂತೆ.
ಖಟಾಖಟ್ ಒಳಗ ಹುಟ್ಟಿ, ಅದರಾಗ ಕಣ್ಣು ತೆರೆದು,
ಅದರಾಗ ಮೊಲಿ ಕುಡಿದವು.
ಜಾಳಗಿ ಬಡಿದೆ, ಉಸುಕು ತಂದೆ,
ಈ ಶಾಂತಕ್ಕ ಏನ ಮಾಡಲಿ?
ಗಡಿಯಾರದ ಟಿಕ್ ಟಿಕ್ಕಿಗೇ ಅಂಜಿ
ಕಪಾಟಿನ ಹಿಂದ ಹೊಕ್ಕು ಕುಂತರ?

ಕಡೀ ದಿನ ಇರಫಾನ ಮೊಬೈಲನ್ಯಾಗ ತುಂಬಕೊಂಡಿದ್ದ,
ಹದಿನಾರೂ ಮಗ್ಗ ಒಟ್ಟಿಗೆ ನಡಿಯೂದು.
ಇವತ್ತ ಕೇಳಿ ಕಳಿಸಿಕೊಂಡೆ.
ಒಂದು ನಿಮಿಷ ನಲವತ್ತು ಸೆಕೆಂಡು.
ಚಾದರಿನ ತಲಿದೆಸಿಗೆ ಇಟ್ಟು ಹಚ್ಚಿ ನೋಡಿದೆ.
ಮುಗೀತು. ಮತ್ತ ಹಚ್ಚಿದೆ.
ಮೂರನೇ ಸಲಕ್ಕ
ಒಳಗಿನ ಕೋಲ್ಯಾಗಿಂದ ಗೊರಕಿ.
ಹನ್ನೊಂದು ರಾತ್ರಿ ಜಂತಿ ಎಣಿಸಿದವರು
ಬಾಯಿ ತೆರೆದು ಮಲಗ್ಯಾರ,
ಒಂದು ಕೈ ಹೊರಗ ಚಾಚಿ,
ಬೆರಳು ಹಿಡಿಕಿ ಹಿಡಿದಂಗ.

ಮೊಬೈಲ ಹನ್ನೆರಡು ಪರ್ಸೆಂಟಿಗೆ ಬಂದಿತ್ತು.
ಕತ್ತಲದಾಗ ತಡವರಿಸಿ ಚಾರ್ಜರ ಚುಚ್ಚಿ
ನಾಕನೇ ಸಲ ಹಚ್ಚಿದೆ.

ನಾಳೆ ಹತ್ತಕ್ಕ ರಿಕ್ಷಾ ಹೇಳೀನಿ.
ಮೂರನೇ ಡ್ರಮ್ಮಿಗೆ ಏನಾರ ಸಿಗಬೇಕು ಅಷ್ಟರಾಗ.