ಒತ್ತಿದ್ದು, ಬಂದದ್ದು

ಗಿರಣಿಗೆ ಇನ್ನೂ ಮೂರು ಪಾಳಿ ಇದ್ದ ಕಾಲ.
ಜರ್ಮನಿಯ ನೂಲುವ ಯಂತ್ರದ ಜೊತೆ
ಅದರ ತಂಗಿಯ ಹಾಗೆ ದಾವಣಗೆರೆಯ ಬಿಸಿಲಿಗೆ ಬಂದಿಳಿಯಿತು
ಹಸಿರು ಅಕ್ಷರದ ಒಂದು ಟರ್ಮಿನಲ್.
ಪಗಾರದ ಚೀಟಿ ಇನ್ನು ಇದರಲ್ಲೇ, ಅಂದರು ಮ್ಯಾನೇಜರು.
ಮಂಡಿಪೇಟೆಯ ಮಹಡಿ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು
ಟೈಪಿಂಗ್ ಕಲಿತವಳು ನಾನು, ಸೀನಿಯರ್ ಪಾಸು.
ಗುಂಡಿ ನೋಡಿ ಒತ್ತುವುದು ನಮ್ಮಲ್ಲಿ ಅವಮಾನ.

ಮೊದಲ ಶನಿವಾರವೇ ಗೇಟಿನಲ್ಲಿ ಗಲಾಟೆ.
"ಫಯಾಜ್ ಅಂದ್ರೆ ನಾನು. ಈ ಫಜಾಯ್ ಯಾವನು?"
ಆಜಾದ್ ನಗರ ಆಯಾದ್ ನಗರವಾಗಿತ್ತು.
ಇಪ್ಪತ್ತೆರಡರ ಹಾಲಯ್ಯ, ಮೀಸೆ ಇನ್ನೂ ಮೊಳಕೆ,
ಚೀಟಿ ಹಿಡಿದು ನಿಂತಿದ್ದ: ಹಾಲಜ್ಜ.
ಬ್ಲೋ ರೂಮಿನವರು ಸಾಲಾಗಿ ಬಂದು ಕಾಲಿಗೆ ಬಿದ್ದರು.
"ಆಶೀರ್ವಾದ ಮಾಡಜ್ಜ, ಬೋನಸ್ ಬರಲಿ."

ತಿದ್ದಲು ಹೋದೆ. ಅಳಿಸುವ ಗುಂಡಿ ಒತ್ತಿದರೆ
ಅಳಿಯಲಿಲ್ಲ, ಹೊಸದು ಹುಟ್ಟಿತು:
ಒಂದು ಟೋಪಿ, ಪಕ್ಕದಲ್ಲಿ ಒಂದು ಎಚ್.
ಮತ್ತೆ ಒತ್ತಿದೆ. ಮತ್ತೆ ಟೋಪಿ, ಮತ್ತೆ ಎಚ್.
ಒಂದು ತಪ್ಪು ಒರೆಸಹೋಗಿ
ಸಾಲು ತುಂಬ ಟೋಪಿ ಹಾಕಿಸಿಕೊಂಡು ಕೂತೆ.

ಫಿಟ್ಟರ್ ಗೌಸ್‌ಪೀರ್ ಬಂದ. "ಅರಳೆ ಹೊಕ್ಕೈತೆ ಅಕ್ಕಾ,"
ಸೈಕಲ್ ಪಂಪಿನಿಂದ ಗುಂಡಿಗಳ ಸಂದಿಗೆ ಗಾಳಿ ಹೊಡೆದ.
ಧೂಳು ಹೋಯಿತು, ಅಜ್ಜ ಹೋಗಲಿಲ್ಲ.
ವೈರು ಬದಲಾಯಿತು. ಊದುಬತ್ತಿ ಹಚ್ಚಿದ್ದಾಯಿತು.
ಮ್ಯಾನೇಜರು ನನ್ನ ಬೆರಳುಗಳನ್ನು ನೋಡಿದರು,
ಬಾಯಿಬಿಟ್ಟು ಏನೂ ಅನ್ನಲಿಲ್ಲ.
ಅದೇ ಹೆಚ್ಚು ಉರಿಯಿತು.

ಹಳೇ ಹಾಜರಿ ಪುಸ್ತಕದ ಕೊನೆಯ ಹಾಳೆ.
ನಡುವೆ ಒಂದು ಗೆರೆ ಎಳೆದೆ.
ಎಡಕ್ಕೆ ಒತ್ತಿದ್ದು. ಬಲಕ್ಕೆ ಬಂದದ್ದು.
ರಾತ್ರಿ ಪಾಳಿಯ ಸೈರನ್ ಕೂಗುವ ತನಕ
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದೇ ಗುಂಡಿ.
ಎ ಒತ್ತಿದರೆ ಎ. ಬಿ ಒತ್ತಿದರೆ ಬಿ.
ವೈ ಒತ್ತಿದರೆ ಜೆಡ್.
ಜೆಡ್ ಒತ್ತಿದರೆ ವೈ.
ಅರ್ಧವಿರಾಮ ಒತ್ತಿದರೆ
ತಲೆ ಮೇಲೆ ಎರಡು ಚುಕ್ಕಿ ಹೊತ್ತ ಓ,
ಬೆದರಿ ಬಾಯಿ ತೆರೆದ ಕೂಸು.
ಉಳಿದ ಅಕ್ಷರವೆಲ್ಲ ಸಮ.

ಕೆಟ್ಟದ್ದು ಇಷ್ಟು ಅಚ್ಚುಕಟ್ಟಾಗಿ ಕೆಡುವುದಿಲ್ಲ.
ಇದು ರೋಗವಲ್ಲ, ಬೇರೆ ಊರಿನ ರೂಢಿ.
ಮುಂಬಯಿ ಗೋದಾಮಿನಲ್ಲಿ ಯಾರೋ ಕೀಬೋರ್ಡು ಬದಲಿಸಿದ್ದರು,
ಒಳಗಿರುವುದಕ್ಕೆ ಹೇಳುವುದನ್ನು ಮರೆತಿದ್ದರು.
ಅದು ಪಾಪ, ತನ್ನೂರ ಗುಂಡಿಗಳ ಮೇಲೇ
ತನ್ನೂರ ಬೆರಳು ಆಡುತ್ತಿದೆ ಅಂದುಕೊಂಡಿತ್ತು.

ಮೂರು ವಾರ ಅದರ ರೂಢಿಗೇ ನಡೆದೆ,
ವೈ ಬೇಕಾದಲ್ಲಿ ಜೆಡ್ ಒತ್ತಿ.
ಕೊನೆಗೆ ದಾರಿ ತೋರಿಸಿದ್ದು ಕೆಇಬಿ.
ಕರೆಂಟು ಹೋಗಿ ಬಂದ ಕೂಡಲೆ, ಮಿಟುಕಿಸುವಷ್ಟು ಹೊತ್ತು,
ಪರದೆಯ ತಳದಲ್ಲಿ ಒಂದು ಪಟ್ಟಿ:
ವೇಗ. ಗಂಟೆ. ಅಳಿಸುವ ಗುಂಡಿ. ಕೀಬೋರ್ಡು: ಜರ್ಮನ್.
ಓದುವುದರೊಳಗೆ ಮಾಯ.
ಅವತ್ತು ಮೂರು ಸಲ ಹೋಯಿತು ಕರೆಂಟು.
ಜೀವನದಲ್ಲಿ ಅದೊಂದೇ ಸಲ ನಾನು
ಹೋಗಲಿ ಹೋಗಲಿ ಎಂದು ಕಾದು ಕೂತದ್ದು.
ಮೂರನೆಯದಕ್ಕೆ ಸ್ಪೇಸ್ ಬಾರ್ ಅದುಮಿ
ಓಡುವ ಕರುವಿನ ಹಗ್ಗ ಹಿಡಿದ ಹಾಗೆ ಹಿಡಿದು ನಿಲ್ಲಿಸಿದೆ.

ಸೋಮವಾರ ಫಯಾಜ್ ಫಯಾಜನೇ ಆದ.
ನನ್ನ ಬೆರಳು ಮಾತ್ರ, ಎಲ್ಲ ಸರಿಯಾದ ಮೇಲೆ,
ತಪ್ಪತೊಡಗಿತು.
ಹಾಲಯ್ಯನ ಚೀಟಿ ನೆಟ್ಟಗೆ ಬಂದರೂ
ಯಾರೂ ಅದನ್ನು ಓದಲು ಹೋಗಲಿಲ್ಲ.

ಮೊನ್ನೆ ದೋಸೆ ಅಂಗಡಿಯಲ್ಲಿ ಸಿಕ್ಕ. ಬಿಳೀ ಗಡ್ಡ,
ಪಕ್ಕದಲ್ಲಿ ಖಾರ ಹತ್ತಿ ಮೂಗು ಸುರಿಸುವ ಮೊಮ್ಮಗಳು.
ಬೆಣ್ಣೆ ಕೈ ಪಂಚೆಗೆ ಒರೆಸಿ ಪಿಂಚಣಿ ಅರ್ಜಿ ಚಾಚಿದ.
"ತುಂಬಿಕೊಡ್ರಿ ಅಕ್ಕಾರೆ.
ನಿಮ್ಮ ಮಷೀನು ಅವತ್ತು ತಪ್ಪಿರಲಿಲ್ಲ ಬಿಡ್ರಿ,
ಒಂಚೂರು ಮುಂಚೆ ಬಂದಿತ್ತು ಅಷ್ಟೆ."

ಅರ್ಜಿ ಇಂಗ್ಲಿಷಿನದು. ಹೆಸರಿನ ಖಾನೆ,
ಅಕ್ಷರಕ್ಕೊಂದು ಚೌಕ.
ಎಚ್, ಎ, ಎಲ್, ಎ ವರೆಗೆ ಸರಾಗ.
ಐದನೆಯ ಚೌಕದ ಮೇಲೆ
ಪೆನ್ನು ಒಂದು ಕ್ಷಣ ನಿಂತಿತು.